ಮುಖಕ್ಕೆ ಹಚ್ಚುವುದರಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳುವವು ಯಾವುವು? ಮೆಡಿಕಲ್ ಶಾಪಿನ ಕೌಂಟರಿನಿಂದ ಒಂದು ಹೋಲಿಕೆ

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಡಿ.ಫಾರ್ಮಾ ಮುಗಿಸಿ ನಾನು ಕೌಂಟರಿಗೆ ನಿಂತು ಹದಿನಾಲ್ಕು ವರ್ಷವಾಯಿತು. ಬಿಪಿ, ಶುಗರ್ ಮಾತ್ರೆ ಬಿಟ್ಟರೆ ನನಗೆ ಹೆಚ್ಚು ಪ್ರಶ್ನೆ ಬರುವುದು ಮುಖದ ಬಗ್ಗೆಯೇ. "ಅಕ್ಕಾ, ಮುಖಕ್ಕೆ ಯಾವ್ದಾದ್ರೂ ಒಳ್ಳೇ ಕ್ರೀಮ್ ಕೊಡ್ರಿ" ಅನ್ನುತ್ತಾರೆ. ಯಾವುದಕ್ಕೆ ಒಳ್ಳೆಯದು ಎಂದು ನಾನು ತಿರುಗಿ ಕೇಳುತ್ತೇನೆ. ಮೊಡವೆಗೋ, ಬಿಸಿಲಿಗೋ, ಒಡೆದ ಚರ್ಮಕ್ಕೋ, ಬಂಗಿಗೋ? ಇದಕ್ಕೆ ಉತ್ತರ ಬಂದರೆ ಅರ್ಧ ಆಯ್ಕೆ ಮುಗಿದ ಹಾಗೆ. ಯಾಕೆಂದರೆ ಎಲ್ಲಕ್ಕೂ ಒಳ್ಳೆಯದಾದ ಕ್ರೀಮನ್ನು ಇಷ್ಟು ವರ್ಷದಲ್ಲಿ ನಾನು ಒಂದನ್ನೂ ನೋಡಿಲ್ಲ. ಒಂದೊಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ವಸ್ತುಗಳನ್ನು ಮಾತ್ರ ನೋಡಿದ್ದೇನೆ. ಅವು ಕೆಲವೇ ಕೆಲವು, ಹೆಚ್ಚಿನವು ದುಬಾರಿಯೂ ಅಲ್ಲ.

ಇದನ್ನು ಬರೆಯಲು ಕೂತಿದ್ದಕ್ಕೆ ನನ್ನ ತಂಗಿಯೂ ಒಂದು ಕಾರಣ. ಅವಳ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ಡಬ್ಬಿ ತಿರುಗಿಸಿ

ಡಬ್ಬಿಯ ಮುಂಭಾಗದಲ್ಲಿ ಇರುವುದು ಜಾಹೀರಾತು, ಹಿಂಭಾಗದಲ್ಲಿ ಇರುವುದು ಮಾಹಿತಿ. ನಮ್ಮ ದೇಶದಲ್ಲಿ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ ಎರಡು ಗುಂಪು ಮಾಡಿದೆ. ಶುಚಿ ಮಾಡುವುದು, ಅಂದ ಹೆಚ್ಚಿಸುವುದು, ನೋಟ ಬದಲಿಸುವುದು ಕಾಸ್ಮೆಟಿಕ್ ಕೆಲಸ. ರೋಗ ವಾಸಿ ಮಾಡುವುದು ಔಷಧದ ಕೆಲಸ. ಹಾಗಾಗಿಯೇ ಕಾಸ್ಮೆಟಿಕ್ ಡಬ್ಬಿಗಳ ಮೇಲೆ "ಕಲೆ ಹೋಗುತ್ತದೆ" ಎಂದು ನೇರವಾಗಿ ಬರೆಯುವುದಕ್ಕಿಂತ "ಕಲೆ ಕಡಿಮೆಯಾದಂತೆ ಕಾಣುತ್ತದೆ" ಎಂದು ಬರೆದಿರುವುದೇ ಹೆಚ್ಚು. ಆ "ಕಾಣುತ್ತದೆ" ಎಂಬ ಪದವನ್ನು ಗಮನಿಸಿ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಬಿಳುಪು ಎಂಬ ಮಾತು ಹೋಗಿ ಹೊಳಪು ಎಂಬ ಮಾತು ಬಂತು. ಬಿಳುಪನ್ನಾದರೂ ಬೇರೆಯವರ ಜೊತೆ ಹೋಲಿಸಿ ನೋಡಬಹುದು, ಹೊಳಪನ್ನು ಅಳೆಯುವುದು ಹೇಗೆ? ಅಳೆಯಲು ಬಾರದ ಮಾತು ಕೊಟ್ಟ ಡಬ್ಬಿಗೆ ನಾನು ದುಡ್ಡು ಹಾಕುವುದಿಲ್ಲ.

ಹಿಂಭಾಗದ ಪಟ್ಟಿ ಓದಲು ಒಂದು ಸುಲಭದ ದಾರಿ ಇದೆ. ಹೆಚ್ಚು ಪ್ರಮಾಣದಲ್ಲಿರುವ ವಸ್ತು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. ಶೇಕಡಾ 1ಕ್ಕಿಂತ ಕೆಳಗಿನವನ್ನು ಮಾತ್ರ ಯಾವ ಕ್ರಮದಲ್ಲಾದರೂ ಬರೆಯಬಹುದು. ಪಟ್ಟಿಯಲ್ಲಿ "ಫಿನಾಕ್ಸಿಎಥನಾಲ್" ಎಂಬ ಹೆಸರು ಹುಡುಕಿ. ಅದು ಕ್ರೀಮು ಕೆಡದಂತೆ ಹಾಕುವ ವಸ್ತು. ಅದನ್ನು ಶೇಕಡಾ 1ಕ್ಕಿಂತ ಹೆಚ್ಚು ಹಾಕುವುದಿಲ್ಲ. ಅಂದಮೇಲೆ ಅದರ ನಂತರ ಬಂದಿರುವುದೆಲ್ಲ ಸಾಮಾನ್ಯವಾಗಿ ಚಿಟಿಕೆ ಲೆಕ್ಕ. ಡಬ್ಬಿಯ ಮುಂದೆ ಕೇಸರಿ ಎಸಳಿನ ದೊಡ್ಡ ಚಿತ್ರ ಇದ್ದು, ಹಿಂದೆ ಕೇಸರಿಯ ಹೆಸರು ಪರಿಮಳಕ್ಕಿಂತ ಕೆಳಗೆ ಇದ್ದರೆ ನೀವು ದುಡ್ಡು ಕೊಟ್ಟಿದ್ದು ಚಿತ್ರಕ್ಕೆ. ರೆಟಿನಾಲ್‌ನಂಥ ಕೆಲವು ವಸ್ತುಗಳು ಮಾತ್ರ ಶೇಕಡಾ 1ರ ಒಳಗೇ ಕೆಲಸ ಮಾಡುತ್ತವೆ, ಅವು ಈ ಲೆಕ್ಕದಿಂದ ಹೊರಗೆ.

ಸೋಪು ಸಾಕೋ, ಫೇಸ್‌ವಾಶ್ ಬೇಕೋ

ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಸಂಖ್ಯೆ ಇರುತ್ತದೆ. ಸೋಪಿನಲ್ಲಿರುವ ಕೊಬ್ಬಿನಂಶದ ಅಳತೆ ಅದು. ವಸ್ತುಗಳ ಗುಣಮಟ್ಟ ನಿಗದಿ ಮಾಡುವ ನಮ್ಮ ಸರ್ಕಾರಿ ಸಂಸ್ಥೆ ಬಿಐಎಸ್ ಪ್ರಕಾರ 76 ಮತ್ತು ಅದಕ್ಕೆ ಮೇಲ್ಪಟ್ಟಿದ್ದರೆ ಗ್ರೇಡ್ 1, 70ಕ್ಕೆ ಮೇಲಾದರೆ ಗ್ರೇಡ್ 2, 60ಕ್ಕೆ ಮೇಲಾದರೆ ಗ್ರೇಡ್ 3. ಇನ್ನು ಕೆಲವದರ ಮೇಲೆ "ಟಾಯ್ಲೆಟ್ ಸೋಪ್" ಬದಲು "ಬೇಥಿಂಗ್ ಬಾರ್" ಎಂದು ಸಣ್ಣಗೆ ಬರೆದಿರುತ್ತದೆ. ಅದಕ್ಕೆ 40 ಇದ್ದರೂ ಸಾಕು. ನಮ್ಮ ಮೈಸೂರು ಸ್ಯಾಂಡಲ್ ಗ್ರೇಡ್ 1 ಸೋಪು. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಎಣ್ಣೆಯನ್ನು ಇಲ್ಲೇ ತೆಗೆಯಲು ಶುರು ಮಾಡಿತು, ಅದರ ಬೆನ್ನಿಗೇ ಸೋಪು ಬಂತು. ಮೈಗೆ ಒಳ್ಳೆಯ ಸೋಪು ಯಾವುದು ಎಂದು ಕೇಳಿದವರಿಗೆ ಗ್ರೇಡ್ 1 ಇರುವ ಯಾವುದನ್ನಾದರೂ ಧೈರ್ಯವಾಗಿ ಕೊಡುತ್ತೇನೆ.

ಮುಖಕ್ಕೆ ಮಾತ್ರ ಬೇರೆ ಲೆಕ್ಕ. ಎಷ್ಟೇ ಒಳ್ಳೆಯ ಸೋಪಾದರೂ ಅದು ಕ್ಷಾರ, ಪಿಎಚ್ 9ರಿಂದ 10. ಚರ್ಮದ್ದು 5ರ ಆಸುಪಾಸು. ಇದರ ಮೇಲೆ ನಮ್ಮ ಕಡೆ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುವ ಗಡಸು ನೀರಿಗೆ ಸೋಪು ಸೇರಿದರೆ ನೊರೆಗಿಂತ ಜಿಡ್ಡು ಗಸಿಯೇ ಹೆಚ್ಚು. ಅದು ಮುಖದ ಮೇಲೂ ಕೂರುತ್ತದೆ. ತೊಳೆದ ಐದು ನಿಮಿಷಕ್ಕೆ ಮುಖ ಬಿಗಿದ ಹಾಗೆ ಅನಿಸುವುದು ಇದರಿಂದಲೇ. ಸೋಪಿಲ್ಲದ ಕ್ಲೆನ್ಸರ್, ಅಂದರೆ ಸಿಂಡೆಟ್, ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಬೋರ್ ನೀರಿನ ಮನೆಯವರು, ಒಣ ಚರ್ಮದವರು, ಮೊಡವೆ ಔಷಧ ಹಚ್ಚುವವರು ಮುಖಕ್ಕೆ ಇದನ್ನು ಬಳಸಿದರೆ ವ್ಯತ್ಯಾಸ ಒಂದು ವಾರದಲ್ಲೇ ಗೊತ್ತಾಗುತ್ತದೆ. ಕಾವೇರಿ ನೀರೋ ಮಳೆ ನೀರೋ ಇರುವ, ಯಾವ ತೊಂದರೆಯೂ ಇಲ್ಲದ ಮುಖಕ್ಕೆ ಸೋಪೇ ಸಾಕು. ಕಡಲೆಹಿಟ್ಟು ಎಣ್ಣೆ ಹೀರುತ್ತದೆ, ತಪ್ಪೇನಿಲ್ಲ, ಆದರೆ ತರಿತರಿಯಾಗಿದ್ದರೆ ಉಜ್ಜಬೇಡಿ. ವಿಟಮಿನ್ ಸಿ ಫೇಸ್‌ವಾಶ್, ಚಿನ್ನದ ಫೇಸ್‌ವಾಶ್ ಎಲ್ಲ ಮೂವತ್ತು ಸೆಕೆಂಡಿನಲ್ಲಿ ಬಚ್ಚಲು ಸೇರುತ್ತವೆ. ತೊಳೆದು ಹೋಗುವ ವಸ್ತುವಿಗೆ ಹೆಚ್ಚು ಖರ್ಚು ಮಾಡಬೇಡಿ.

ಒಣ ಚರ್ಮ: ಕೊಬ್ಬರಿ ಎಣ್ಣೆ, ವ್ಯಾಸಲೀನ್, ಲೋಶನ್

ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳುವ ವಸ್ತು ಯಾವುದು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಪೆಟ್ರೋಲಿಯಂ ಜೆಲ್ಲಿಯನ್ನು, ಅಂದರೆ ವ್ಯಾಸಲೀನನ್ನು. ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ ವಸ್ತು ಇದು. ಚರ್ಮದಿಂದ ನೀರು ಆರಿ ಹೋಗುವುದನ್ನು ತಡೆಯುವುದರಲ್ಲಿ ಇದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಆದರೆ ಅದು ನೀರನ್ನು ಹಿಡಿದಿಡುತ್ತದೆಯೇ ಹೊರತು ತಾನಾಗಿ ನೀರು ತರುವುದಿಲ್ಲ. ಒಣಗಿದ ಕಾಲಿಗೆ ಹಾಗೇ ಬಳಿದರೆ ಜಿಡ್ಡು ಮಾತ್ರ. ಸ್ನಾನ ಮಾಡಿ ಬಂದು ಟವೆಲಿನಿಂದ ಒತ್ತಿಕೊಂಡು, ಮೈಯಲ್ಲಿ ಪಸೆ ಇರುವಾಗಲೇ ತೆಳ್ಳಗೆ ಹಚ್ಚಬೇಕು.

ಕೊಬ್ಬರಿ ಎಣ್ಣೆ ಕೈಕಾಲಿಗೆ, ಮೈಗೆ ನಿಜವಾಗಿಯೂ ಒಳ್ಳೆಯದು. ಒಣ ಚರ್ಮದ ಮೇಲೆ ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್ ಜೊತೆ ಹೋಲಿಸಿ ನೋಡಿದಾಗ ಎರಡೂ ಸಮನಾಗಿ ನಿಂತಿವೆ. ಕೂದಲಿಗಂತೂ ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಎರಡಕ್ಕಿಂತ ಮೇಲು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡುವುದು ಮೂರರಲ್ಲಿ ಇದೊಂದೇ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಜ್ಜಿಯರು ಇದನ್ನು ಮೊದಲೇ ಹೇಳಿದ್ದರು. ಆದರೆ ಮೊಡವೆ ಬರುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತದೆ. ಹಸುಗೂಸಿನ ಮೈಗೆ ಸಾಸಿವೆ ಎಣ್ಣೆಯೂ ಬೇಡ, ಅದು ಚರ್ಮದ ತಡೆಗೋಡೆಯನ್ನೇ ಕೆಡಿಸುತ್ತದೆ.

ಲೋಶನ್ನಿನಲ್ಲಿ ನೀರು ಹೆಚ್ಚು, ಕ್ರೀಮಿನಲ್ಲಿ ಕಡಿಮೆ. ಮಂಗಳೂರು, ಉಡುಪಿಯ ಸೆಕೆಗೆ ಲೋಶನ್ ಅಥವಾ ಜೆಲ್ ಸಾಕು. ಕಲಬುರಗಿ, ವಿಜಯಪುರದ ಒಣ ಹವೆಗೆ ಕ್ರೀಮೇ ಬೇಕು. ಪಟ್ಟಿಯಲ್ಲಿ ಗ್ಲಿಸರಿನ್ ಎಂಬ ಹೆಸರು ಎರಡು ಮೂರನೆಯ ಸ್ಥಾನದಲ್ಲಿ ಇದ್ದರೆ ಅದು ಒಳ್ಳೆಯ ಮಾಯಿಶ್ಚರೈಸರ್. ಈಗ ಎಲ್ಲರೂ ಕೇಳುವ ಹೈಯಲುರಾನಿಕ್ ಆಸಿಡ್ ಮಾಡುವುದೂ ಮುಖ್ಯವಾಗಿ ಇದೇ ಕೆಲಸವನ್ನು, ಅಂದರೆ ನೀರು ಹಿಡಿದಿಡುವುದನ್ನು. ಗ್ಲಿಸರಿನ್ ಅದಕ್ಕಿಂತ ತುಂಬಾ ಅಗ್ಗ. ನಮ್ಮಮ್ಮ ಚಳಿಗಾಲದಲ್ಲಿ ಗ್ಲಿಸರಿನ್ನಿಗೆ ಪನ್ನೀರು ಬೆರೆಸಿ ಸೀಸೆಯಲ್ಲಿ ಇಡುತ್ತಿದ್ದರು. ಆ ಸೀಸೆಯಲ್ಲಿದ್ದ ವಿಜ್ಞಾನ ಇವತ್ತಿಗೂ ಸರಿ. ಗ್ಲಿಸರಿನ್ನನ್ನು ಬೆರೆಸದೆ ಗಟ್ಟಿಯಾಗಿ ಮಾತ್ರ ಹಚ್ಚಬಾರದು. ಹಿಮ್ಮಡಿ ಒಡಕಿಗೆ ಇವು ಯಾವುವೂ ಸಾಲದು. ಯೂರಿಯಾ 10ರಿಂದ 25 ಶೇಕಡಾ ಇರುವ ಕ್ರೀಮು ಕೇಳಿ, ರಾತ್ರಿ ಹಚ್ಚಿ ಕಾಲುಚೀಲ ಹಾಕಿಕೊಳ್ಳಿ.

ಸನ್‌ಸ್ಕ್ರೀನ್: ಸಂಖ್ಯೆಗಿಂತ ಪ್ರಮಾಣ ಮುಖ್ಯ

ಚರ್ಮ ಬೇಗ ಮುಪ್ಪಾಗದಂತೆ ತಡೆಯುತ್ತೇವೆ ಎನ್ನುವ ನೂರು ವಸ್ತುಗಳಲ್ಲಿ ಸನ್‌ಸ್ಕ್ರೀನಿನಷ್ಟು ಗಟ್ಟಿ ಪುರಾವೆ ಇರುವುದು ಬೇರೆ ಯಾವುದಕ್ಕೂ ಇಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್ ಎಂಬ ಊರಿನಲ್ಲಿ 1992ರಿಂದ ನಾಲ್ಕೂವರೆ ವರ್ಷ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ದಿನಾ ಹಚ್ಚಲು ಹೇಳಿದರು, ಇನ್ನೊಂದು ಗುಂಪಿಗೆ ನಿಮಗೆ ಬೇಕೆನಿಸಿದಾಗ ಹಚ್ಚಿ ಎಂದರು. 55 ವರ್ಷಕ್ಕಿಂತ ಕೆಳಗಿನ 903 ಜನರ ಕೈಯ ಹಿಂಬದಿ ಚರ್ಮದ ಅಚ್ಚು ತೆಗೆದು ಹೋಲಿಸಿದರು. ದಿನಾ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇಕಡಾ 24 ಕಡಿಮೆ ಇತ್ತು. 2013ರಲ್ಲಿ ಇದು ಪ್ರಕಟವಾಯಿತು. ಆ ಪ್ರಯೋಗದಲ್ಲಿ ಬಳಸಿದ್ದು ಸಾಧಾರಣ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಬಲದ ಸಂಖ್ಯೆ, 15ರದ್ದು.

ಅಂಗಡಿಯಲ್ಲಿ ಎಲ್ಲರೂ ಕೇಳುವುದು 30ನ್ನು ತಗೊಳ್ಳಲೋ, 50ನ್ನು ತಗೊಳ್ಳಲೋ ಎಂದು. 30 ಎಂದರೆ ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣದಲ್ಲಿ ಸುಮಾರು ಶೇಕಡಾ 97ನ್ನು ತಡೆಯುತ್ತದೆ, 50 ಎಂದರೆ 98ನ್ನು. ಈ ಅಂತರಕ್ಕಾಗಿ ದುಪ್ಪಟ್ಟು ಬೆಲೆ ಕೊಡುವ ಅಗತ್ಯವಿಲ್ಲ. ಆದರೆ ಈ ಸಂಖ್ಯೆಗಳನ್ನು ಅಳೆದಿರುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖ ಮತ್ತು ಕುತ್ತಿಗೆಗೆ ಅದು ಸುಮಾರು 1 ಗ್ರಾಂ. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಎಳೆದ ಗೆರೆಯಷ್ಟು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಚ್ಚಿದರೆ ದಿನಕ್ಕೆ 2 ಗ್ರಾಂ. ಅಂದರೆ 50 ಗ್ರಾಮಿನ ಟ್ಯೂಬು 25 ದಿನಕ್ಕೆ ಮುಗಿಯಬೇಕು. ನಿಮ್ಮ ಟ್ಯೂಬು ಮೂರು ತಿಂಗಳು ಬರುತ್ತಿದ್ದರೆ ನೀವು ಹಚ್ಚುತ್ತಿರುವುದು ಕಾಲುಭಾಗಕ್ಕೆ ಸ್ವಲ್ಪ ಹೆಚ್ಚು. ಡಬ್ಬಿಯ ಮೇಲಿನ 50 ನಿಮ್ಮ ಮುಖದ ಮೇಲೆ ಇಲ್ಲ.

ಆದ್ದರಿಂದ ನಾನು ಬೆಲೆ ನೋಡುವ ರೀತಿಯೇ ಬೇರೆ. ಎಂಆರ್‌ಪಿಯನ್ನು ಗ್ರಾಮಿನಿಂದ ಭಾಗಿಸಿ. 50 ಗ್ರಾಮಿಗೆ 900 ರೂಪಾಯಿ ಅಂದರೆ ಗ್ರಾಮಿಗೆ 18, ದಿನಕ್ಕೆ 36 ರೂಪಾಯಿ. ಅಷ್ಟು ಕೊಟ್ಟವರು ಯಾರೂ ಕೈಬಿಚ್ಚಿ ಹಚ್ಚುವುದಿಲ್ಲ, ಸಾಸಿವೆಯಷ್ಟು ಹಚ್ಚುತ್ತಾರೆ. ಗ್ರಾಮಿಗೆ 5–6 ರೂಪಾಯಿಯದನ್ನು ತಗೊಂಡು ಧಾರಾಳವಾಗಿ ಹಚ್ಚಿದವರ ಮುಖಕ್ಕೆ ಹೆಚ್ಚು ರಕ್ಷಣೆ ಸಿಗುತ್ತದೆ. ಇದನ್ನು ನಾನು ಕಾಲೇಜು ಹುಡುಗಿಯರಿಗೆ ಬಿಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸುತ್ತೇನೆ.

ಎಸ್‌ಪಿಎಫ್ ಹೇಳುವುದು ಯುವಿಬಿ ಬಗ್ಗೆ ಮಾತ್ರ. ಚರ್ಮದ ಇನ್ನೂ ಆಳಕ್ಕೆ ಇಳಿಯುವ ಯುವಿಎ ಕಿರಣಕ್ಕೆ ಪಿಎ ಗುರುತು ನೋಡಿ, ಮೂರು ಪ್ಲಸ್ಸಾದರೂ ಇರಲಿ. ಜಿಂಕ್ ಆಕ್ಸೈಡ್ ಇರುವುದು ಸೂಕ್ಷ್ಮ ಚರ್ಮಕ್ಕೆ, ಮಕ್ಕಳಿಗೆ ಒಳ್ಳೆಯದು, ಆದರೆ ನಮ್ಮ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಕೆಮಿಕಲ್ ಎಂದು ಕರೆಯುವ ಬಗೆ ಹಾಗೆ ಕಾಣುವುದಿಲ್ಲ, ಕಣ್ಣಿಗೆ ಬೆವರಿನ ಜೊತೆ ಇಳಿದರೆ ಉರಿಯುತ್ತದೆ. ಬಂಗು ಇರುವವರಿಗೆ ಮಾತ್ರ ಆಯ್ಕೆ ಸ್ಪಷ್ಟ. ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನನ್ನೇ ತಗೊಳ್ಳಿ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಅದನ್ನು ತಡೆಯುವುದು ಈ ಐರನ್ ಆಕ್ಸೈಡ್. ಹೊಲಕ್ಕೆ ಹೋಗುವವರು, ಸ್ಕೂಟರಿನಲ್ಲಿ ಊರು ಸುತ್ತುವವರು ಎರಡು ಗಂಟೆಗೊಮ್ಮೆ ಹಚ್ಚುವುದು ಆಗದ ಮಾತು. ಅವರಿಗೆ ದುಪಟ್ಟಾ, ಅಗಲ ಅಂಚಿನ ಟೋಪಿ, ತುಂಬು ತೋಳು ಯಾವ ಟ್ಯೂಬಿಗೂ ಕಡಿಮೆಯಲ್ಲ.

ಮೊಡವೆ

ಇಲ್ಲಿ ಕೆಲಸ ಮಾಡುವ ವಸ್ತುಗಳ ಹೆಸರು ಹೇಳಿಬಿಡುತ್ತೇನೆ: ಬೆನ್ಝಾಯ್ಲ್ ಪೆರಾಕ್ಸೈಡ್, ಅಡಾಪಲೀನ್, ಸ್ಯಾಲಿಸಿಲಿಕ್ ಆಸಿಡ್, ಅಜೆಲಾಯಿಕ್ ಆಸಿಡ್. ಟ್ಯೂಬಿನ ಮೇಲೆ ಯಾವ ಬ್ರ್ಯಾಂಡ್ ಇದ್ದರೂ ಇವುಗಳಲ್ಲಿ ಒಂದು ಇದೆಯೇ, ಎಷ್ಟು ಶೇಕಡಾ ಇದೆ ಎಂದು ನೋಡಿ. ಬೇವು, ಅರಿಶಿನ, ಟೀ ಟ್ರೀ ಎಂದು ಬರೆದ ಫೇಸ್‌ವಾಶ್ ಮುಖ ತೊಳೆಯುತ್ತದೆ, ಅಷ್ಟೇ.

ಕಪ್ಪು ಚುಕ್ಕೆ, ಸಣ್ಣ ಸಣ್ಣ ಗುಳ್ಳೆಗೆ 2 ಶೇಕಡಾ ಸ್ಯಾಲಿಸಿಲಿಕ್ ಆಸಿಡ್ ಸಾಕಾಗಬಹುದು. ಕೆಂಪಗೆ ಕೀವು ಕಟ್ಟುವ ಮೊಡವೆಗೆ ಬೆನ್ಝಾಯ್ಲ್ ಪೆರಾಕ್ಸೈಡ್ ಮೇಲು. 2.5 ಶೇಕಡಾದಿಂದಲೇ ಶುರು ಮಾಡಿ, ಹೆಚ್ಚು ಶೇಕಡಾದಿಂದ ಉರಿ ಹೆಚ್ಚುತ್ತದೆ, ಗುಣ ಅಷ್ಟು ಹೆಚ್ಚುವುದಿಲ್ಲ. ಇದನ್ನು ಕೊಡುವಾಗ ಒಂದು ಮಾತು ತಪ್ಪದೆ ಹೇಳುತ್ತೇನೆ. ಹೇಳದೆ ಕೊಟ್ಟ ಹೊಸತರಲ್ಲಿ ಒಬ್ಬ ಪಿಯುಸಿ ಹುಡುಗನ ತಾಯಿ ಮನೆಯ ಕಡುನೀಲಿ ಟವೆಲನ್ನು ಚೀಲದಲ್ಲಿ ಮಡಿಚಿ ತಂದು ಕೌಂಟರಿನ ಮೇಲೆ ಹಾಸಿದರು. ಹುಡುಗ ಮುಖ ಒರೆಸಿಕೊಂಡ ಕಡೆಯೆಲ್ಲ ಬಣ್ಣ ಹೋಗಿ ಕಿತ್ತಳೆ ಬಿಳುಪಿನ ಮಚ್ಚೆ, ಗಲ್ಲದ ಅಚ್ಚು, ಹಣೆಯ ಅಚ್ಚು. "ಟವೆಲಿಗೇ ಹಿಂಗಾದ್ರೆ ಹುಡುಗನ ಮುಖದ ಗತಿ ಏನ್ರೀ?" ಅವರ ಭಯ ನ್ಯಾಯವಾದದ್ದೇ. ಈ ವಸ್ತು ಬಟ್ಟೆಯ ಬಣ್ಣ ತೆಗೆಯುತ್ತದೆ, ಚರ್ಮದ ಬಣ್ಣ ತೆಗೆಯುವುದಿಲ್ಲ ಎಂದು ಕೂರಿಸಿ ವಿವರಿಸಿದೆ. ಬಿಳಿ ಟವೆಲು, ಬಿಳಿ ದಿಂಬಿನ ಚೀಲ ಬಳಸಿ. ಮೂರು ತಿಂಗಳ ಮೇಲೆ ಆ ಹುಡುಗನೇ ಬಂದಾಗ ಹಣೆ ತಿಳಿಯಾಗಿತ್ತು.

ಅಡಾಪಲೀನ್ 0.1 ಶೇಕಡಾ ಮೊಡವೆ ಹುಟ್ಟುವುದನ್ನೇ ತಡೆಯುತ್ತದೆ. ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಬಟಾಣಿ ಕಾಳಿನಷ್ಟು ತಗೊಂಡು ರಾತ್ರಿ ಮುಖಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಮೊದಲ ಮೂರು ನಾಲ್ಕು ವಾರ ಸಿಪ್ಪೆ ಏಳುತ್ತದೆ, ಕೆಲವರಿಗೆ ಮೊಡವೆ ಇನ್ನೂ ಹೆಚ್ಚಾದಂತೆ ಕಾಣುತ್ತದೆ. ಬಹಳ ಜನ ಬಿಟ್ಟುಬಿಡುವುದು ಈ ಹಂತದಲ್ಲೇ. ಫಲ ಕಾಣಲು 8ರಿಂದ 12 ವಾರ ಬೇಕು. ಅಮೆರಿಕದಲ್ಲಿ 2016ರಿಂದ ಚೀಟಿಯಿಲ್ಲದೆ ಸಿಗುತ್ತದೆ, ನಮ್ಮಲ್ಲಿ ವೈದ್ಯರನ್ನು ಕೇಳಿಯೇ ತಗೊಳ್ಳಿ. ಗರ್ಭಿಣಿಯರಿಗೆ, ಆಗಲು ಬಯಸುವವರಿಗೆ ಇದು ಬೇಡ, ಅವರಿಗೆ ಅಜೆಲಾಯಿಕ್ ಆಸಿಡ್ ಇದೆ. ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್ ಜೆಲ್ಲನ್ನು ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಕ್ರಿಮಿಗಳು ಅದಕ್ಕೆ ಬಗ್ಗದಂತಾಗುತ್ತವೆ, ಬೆನ್ಝಾಯ್ಲ್ ಪೆರಾಕ್ಸೈಡಿನ ಜೊತೆಗೇ ಬಳಸಬೇಕು. ಟೂತ್‌ಪೇಸ್ಟ್ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆ ಬೀಳುತ್ತದೆ, ಅದೂ ಬೇಡ.

ಸೀರಮ್ಮುಗಳ ಸಾಲು

ಚರ್ಮದ ಮೇಲ್ಪದರ ದಾಟಿ ಒಳಗೆ ಹೋಗಬೇಕಾದರೆ ಅಣುವಿನ ತೂಕ ಸುಮಾರು 500 ಡಾಲ್ಟನ್ನಿನ ಒಳಗಿರಬೇಕು. ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್ ಆದ ಕೊಲಾಜೆನ್ ಸುಮಾರು 3 ಲಕ್ಷ ಡಾಲ್ಟನ್. ಕೊಲಾಜೆನ್ ಕ್ರೀಮು ಚರ್ಮದೊಳಗಿನ ಕೊಲಾಜೆನ್ ತುಂಬುತ್ತದೆ ಎಂಬ ಮಾತು ಇಲ್ಲಿಗೇ ಮುಗಿಯಿತು. ಸುಕ್ಕಿಗೆ ಗಟ್ಟಿ ಪುರಾವೆ ಇರುವುದು ಟ್ರೆಟಿನಾಯಿನ್‌ಗೆ. ಮೊಡವೆಗೆಂದು ಬಂದ ಈ ಔಷಧ ಬಿಸಿಲಿಗೆ ಬಾಡಿದ ಚರ್ಮವನ್ನೂ ಸುಧಾರಿಸುತ್ತದೆ ಎಂದು 1986ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಜೊತೆಗಾರರು ತೋರಿಸಿದರು. ಚೀಟಿಯಿಲ್ಲದೆ ಸಿಗುವ ರೆಟಿನಾಲ್ ಅದರ ತಮ್ಮನಿದ್ದಂತೆ. ಗುಣವೂ ನಿಧಾನ, ಉರಿಯೂ ಕಡಿಮೆ. ಮೂವತ್ತೈದು ದಾಟಿದವರು ಸೀರಮ್ಮಿಗೆ ಖರ್ಚು ಮಾಡಲೇಬೇಕು ಎಂದರೆ ನಾನು ರೆಟಿನಾಲ್ ಎನ್ನುತ್ತೇನೆ. ಗರ್ಭಿಣಿಯರಿಗೆ ಇದೂ ಕೂಡದು.

ನಯಾಸಿನಮೈಡ್ 4–5 ಶೇಕಡಾ ಮೊಡವೆ ಕಲೆಗೆ ಸ್ವಲ್ಪ ಮಟ್ಟಿಗೆ ಆಗುತ್ತದೆ, ಯಾರಿಗೂ ಹೆಚ್ಚು ತೊಂದರೆ ಕೊಡುವುದಿಲ್ಲ. 10, 20 ಶೇಕಡಾ ಎಂದು ಹೆಚ್ಚು ಬೆಲೆ ಕೊಡುವುದು ಬೇಡ. ವಿಟಮಿನ್ ಸಿ ಒಳ್ಳೆಯದೇ, ಆದರೆ ಬಲು ಸೂಕ್ಷ್ಮ. ಗಾಳಿ, ಬೆಳಕು, ಬಿಸಿ ಮೂರೂ ಅದಕ್ಕೆ ಆಗದು. ಸೀಸೆಯಲ್ಲಿ ನೀರಿನ ಬಣ್ಣ ಇದ್ದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸತ್ವ ಹೋಯಿತು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಕೊರಿಯರ್ ವ್ಯಾನಿನೊಳಗೆ ಎರಡು ದಿನ ಸುತ್ತಿ ಬಂದ ಸೀಸೆಯನ್ನು ನಾನು ನಂಬುವುದಿಲ್ಲ. ಕಣ್ಣಿನ ಕೆಳಗಿನ ಕಪ್ಪಿಗೆಂದು 15 ಗ್ರಾಮಿನ ಪುಟ್ಟ ಟ್ಯೂಬು ಕೊಳ್ಳುವವರು ಹಿಂಭಾಗದ ಪಟ್ಟಿಯನ್ನು ಮಾಯಿಶ್ಚರೈಸರ್ ಪಟ್ಟಿಯ ಪಕ್ಕ ಇಟ್ಟು ಓದಿ ನೋಡಿ, ಬಹಳಷ್ಟು ಸಲ ಎರಡೂ ಹೆಚ್ಚುಕಡಿಮೆ ಒಂದೇ.

ಬಂಗು, ಮತ್ತು ತಂಗಿಯ ಟ್ಯೂಬು

ನನ್ನ ತಂಗಿಗೆ ಎರಡನೆಯ ಹೆರಿಗೆಯ ನಂತರ ಎರಡೂ ಕೆನ್ನೆಗೆ ಬಂಗು ಬಂತು. ಗಂಡನ ಮನೆ ಬೇರೆ ಊರಿನಲ್ಲಿ. ಅಲ್ಲಿ ಪಾರ್ಲರಿನಲ್ಲಿ ಯಾರೋ ಒಂದು ಟ್ಯೂಬು ಕೊಟ್ಟರು. ಹತ್ತೇ ದಿನಕ್ಕೆ ಮುಖ ಬೆಳ್ಳಗಾಯಿತು. ಫೋಟೊ ಕಳಿಸಿದ್ದಳು, ನಾನೂ ಚೆನ್ನಾಗಿದೆ ಎಂದೆ. ಯಾವ ಕ್ರೀಮು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಏಳೆಂಟು ತಿಂಗಳ ಮೇಲೆ ಯುಗಾದಿಗೆ ಬಂದಾಗ ಹಿತ್ತಲಿನ ಬೆಳಕಿನಲ್ಲಿ ಅವಳ ಮುಖ ನೋಡಿದೆ. ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಒಳಗೆ ಕೆಂಪು ನರಗಳು ದಾರದ ಎಳೆಯಂತೆ ಕಾಣುತ್ತಿದ್ದವು. ಗಲ್ಲದಲ್ಲಿ ಹೊಸ ಕೂದಲು, ಬಾಯಿಯ ಸುತ್ತ ಗುಳ್ಳೆ. ಒಲೆಯ ಮುಂದೆ ನಿಂತರೆ ಮುಖ ಉರಿಯುತ್ತದೆ ಎಂದಳು. ಒಂದು ದಿನ ಹಚ್ಚದಿದ್ದರೆ ಇನ್ನೂ ಉರಿ, ಅದಕ್ಕೇ ಮತ್ತೆ ಹಚ್ಚುತ್ತಿದ್ದಳು.

ಟ್ಯೂಬಿನಲ್ಲಿ ಇದ್ದದ್ದು ಚರ್ಮದ ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ಈ ಮೂರರ ಜೋಡಿಯ ಮೂಲ ಸೂತ್ರ ಕೊಟ್ಟವರೂ ಅದೇ ಕ್ಲಿಗ್ಮನ್, 1975ರಲ್ಲಿ. ಬಂಗಿಗೆ ಇದು ನಿಜವಾಗಿಯೂ ಕೆಲಸ ಮಾಡುವ ಔಷಧ. ಚರ್ಮವೈದ್ಯರು ಕೆಲವು ವಾರಗಳಿಗೆಂದು ಲೆಕ್ಕ ಹಾಕಿ ಕೊಟ್ಟು ನಿಲ್ಲಿಸುತ್ತಾರೆ. ಫೇರ್‌ನೆಸ್ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚಿದಾಗಲೇ ಅನಾಹುತ. ಬೆಟಾಮೆಥಸೋನ್, ಕ್ಲೋಬೆಟಾಸೋಲ್, ಫ್ಲುಯೊಸಿನೊಲೋನ್ ಎಂಬ ಹೆಸರುಗಳೂ ಇದೇ ಜಾತಿ. ಹುಳುಕಡ್ಡಿಗೆಂದು ಮಾರುವ ಅನೇಕ ಮಿಶ್ರ ಕ್ರೀಮುಗಳಲ್ಲೂ ಇವು ಇರುತ್ತವೆ, ಅವನ್ನೂ ಮುಖಕ್ಕೆ ಬಳಿಯುವವರನ್ನು ನೋಡಿದ್ದೇನೆ. 2018ರಲ್ಲಿ ಸರ್ಕಾರ ಹಚ್ಚುವ ಸ್ಟೀರಾಯ್ಡುಗಳಲ್ಲಿ 14ನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿಯಿಲ್ಲದೆ ಮಾರಬಾರದು. ಆದರೂ ಸಿಗುತ್ತವೆ. ನಮ್ಮ ವೃತ್ತಿಯವರೇ ಕೊಡುತ್ತಾರೆ ಎಂದು ಬರೆಯಲು ನನಗೆ ಸಂಕಟವಾಗುತ್ತದೆ. ಟ್ಯೂಬಿನ ಎಡಬದಿಗೆ ಕೆಂಪು ಗೆರೆ ಇದ್ದರೆ ಅದು ಚೀಟಿಯ ಔಷಧ. ಪಾರ್ಲರಿನವರಾಗಲಿ, ಅಕ್ಕಪಕ್ಕದವರಾಗಲಿ ಅದನ್ನು ಕೊಡುವಂತಿಲ್ಲ.

ಯಾವ ವಿವರವೂ ಇಲ್ಲದೆ, ತಯಾರಕರ ವಿಳಾಸವಿಲ್ಲದೆ ಬರುವ ಬಿಳುಪಿನ ಕ್ರೀಮುಗಳಲ್ಲಿ ಇನ್ನೊಂದು ಅಪಾಯ ಪಾದರಸ. ನಮ್ಮ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ ತಿಳಿಯದೆ ಸೇರಿಕೊಂಡ ಪಾದರಸ ಕೂಡ ಹತ್ತು ಲಕ್ಷಕ್ಕೆ ಒಂದು ಪಾಲನ್ನು ಮೀರಬಾರದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ವಿಚಿತ್ರ ಗಮನಿಸಿದರು. ಮೂತ್ರದಲ್ಲಿ ಪ್ರೋಟೀನ್ ಸೋರುವ, ಅಪರೂಪದ ಒಂದು ಬಗೆಯ ಕಿಡ್ನಿ ರೋಗ ಬಂದ 15 ಜನರಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸಿದ್ದರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿದರು. ಹತ್ತು ದಿನಕ್ಕೆ ಬಣ್ಣ ಬದಲಿಸುತ್ತೇವೆ ಎಂಬ ಮಾತನ್ನು ಯಾವುದಾದರೂ ಕ್ರೀಮು ನಿಜವಾಗಿಯೂ ಉಳಿಸಿಕೊಂಡರೆ ಹೆದರಬೇಕಾದದ್ದು ಆಗಲೇ.

ಹಾಗಾದರೆ ಬಂಗಿಗೆ ಯಾವುದನ್ನು ಆರಿಸುವುದು? ಬಣ್ಣದ ಸನ್‌ಸ್ಕ್ರೀನ್ ಮೊದಲು, ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಜೊತೆಗೆ ಅಜೆಲಾಯಿಕ್ ಆಸಿಡ್, ನಿಧಾನ ಆದರೆ ನಂಬಬಹುದು. ಮೂರರ ಜೋಡಿಯ ಕ್ರೀಮು ಚರ್ಮವೈದ್ಯರ ಕೈಯಿಂದ ಮಾತ್ರ, ಅವರು ನಿಲ್ಲಿಸು ಎಂದ ದಿನ ನಿಲ್ಲಿಸಬೇಕು. ಬಂಗು ಪೂರ್ತಿ ಹೋಗಿ ಮತ್ತೆಂದೂ ಬರುವುದಿಲ್ಲ ಎಂದು ಯಾರೇ ಹೇಳಿದರೂ ನಂಬಬೇಡಿ, ಅದು ಬಿಸಿಲಿಗೆ ಮರಳಿ ಬರುವ ಸ್ವಭಾವದ್ದು. ಹಣೆಯಲ್ಲಿ ಸರಿಯಾಗಿ ಟಿಕ್ಲಿ ಅಂಟಿಸುವ ಜಾಗದಲ್ಲೇ ಬೆಳ್ಳಗಿನ ಮಚ್ಚೆ ಕಂಡರೆ ಅದು ಬೇರೆ, ಟಿಕ್ಲಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಹಾಗಾಗುತ್ತದೆ. ಟಿಕ್ಲಿ ಬಿಟ್ಟು ವೈದ್ಯರಿಗೆ ತೋರಿಸಿ.

ತಂಗಿಯ ಚರ್ಮ ತಹಬಂದಿಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಕೆಂಪು ನರಗಳಲ್ಲಿ ಕೆಲವು ಹಾಗೇ ಉಳಿದಿವೆ, ಬಂಗೂ ತೆಳುವಾಗಿ ಇದೆ. ಅವಳೀಗ ಬಳಸುವುದು ಒಂದು ಸಿಂಡೆಟ್, ಗ್ಲಿಸರಿನ್ ಇರುವ ಒಂದು ಕ್ರೀಮು, ಬಣ್ಣದ ಸನ್‌ಸ್ಕ್ರೀನ್. ಇಂಥ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚುತ್ತಿರುವವರು ಇದನ್ನು ಓದುತ್ತಿದ್ದರೆ ಒಮ್ಮೆಗೇ ನಿಲ್ಲಿಸಿ ಸುಮ್ಮನಾಗಬೇಡಿ, ಮುಖ ಉರಿದು ಊದಿಕೊಂಡು ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ಚರ್ಮವೈದ್ಯರು ಹಂತ ಹಂತವಾಗಿ ಬಿಡಿಸುತ್ತಾರೆ. ಖಾಸಗಿ ಕ್ಲಿನಿಕ್ಕಿನ ಫೀಸು ಹೆಚ್ಚಾಯಿತು ಎಂದರೆ ಜಿಲ್ಲಾಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ. ನಾಚಿಕೊಂಡು ಟ್ಯೂಬನ್ನು ಎಸೆದು ಹೋಗಬೇಡಿ, ಅದರಲ್ಲಿ ಯಾವ ಸ್ಟೀರಾಯ್ಡ್ ಇತ್ತು ಎಂಬುದು ಅವರಿಗೆ ಬೇಕು. ಖಾಲಿ ಟ್ಯೂಬಾದರೂ ಸರಿ, ಜೊತೆಗೆ ತಗೊಂಡು ಹೋಗಿ.